ಮೂರನೆಯ ಇಟ್ಟಿಗೆ

ಮಂಚದ ಒಂದು ಮೂಲೆಯನ್ನು ಹೆಗಲಲ್ಲಿ ಎತ್ತಿ ಹಿಡಿದು, ಗಂಡ ಅದರ ಕಾಲಡಿಯ ಇಟ್ಟಿಗೆಗಳನ್ನು ಎಳೆದೆಳೆದು ಬಾಗಿಲಾಚೆ ಎಸೆಯುತ್ತಿದ್ದ. ಹೊರಗೆ ಕುರ್ಚಿಗಳಲ್ಲಿ ಕೂತಿದ್ದ ನೆಂಟರು ಕಾಲು ಹಿಂದಕ್ಕೆಳೆದುಕೊಂಡರು. ಮುಂದಿನ ಕೋಣೆಯಲ್ಲಿ, ಮೇಜಿನ ಮೇಲಿಟ್ಟ ಪೆಟ್ಟಿಗೆಯೊಳಗೆ ಅವನ ಅಮ್ಮ ಮಲಗಿದ್ದರು.

"ಸಾಕು ಬಿಡ್ರಿ, ಜನ ನೋಡ್ತಿದ್ದಾರೆ," ಎಂದಳು ಸೊಸೆ.

"ನೋಡ್ಲಿ. ಅಮ್ಮನ್ನ ಕೊಂದಿದ್ದು ಇದೇ ಅಲ್ವಾ?"

ಅತ್ತೆ ಬಿದ್ದದ್ದು ಈ ಮಂಚದಿಂದಲೇ. ಸ್ಟೂಲಿನ ಮೇಲೆ ಕಾಲಿಟ್ಟು ಇಳಿಯುವಾಗ ಜಾರಿ ಸೊಂಟ ಮುರಿದುಕೊಂಡವರು ಮತ್ತೆ ಏಳಲಿಲ್ಲ. ಮಂಚದ ಕಾಲಡಿಗೆ ಮೂರನೆಯ ಇಟ್ಟಿಗೆ ಇಟ್ಟು ಎತ್ತರಿಸಿದವನು ಮಗನೇ. ಪಾಪ, ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಪಕ್ಕದ ಮನೆಯ ಟೈಲರ್ ಎದ್ದು ಬಂದು ಇಟ್ಟಿಗೆಗಳನ್ನು ಆಯತೊಡಗಿದ. "ಇಟ್ಟಿಗೆ ಮೇಲೆ ಯಾಕಪ್ಪಾ ಸಿಟ್ಟು? ಹೊಳೆ ಮೇಲೆ ತೋರಿಸು ನೋಡೋಣ," ಎನ್ನುತ್ತ ಗೋಡೆಗೆ ಜೋಡಿಸಿಟ್ಟ. ಆ ಬೀದಿಯಲ್ಲಿ ಇಟ್ಟಿಗೆ ಹಾಳಾಗಲು ಯಾರೂ ಬಿಡುವುದಿಲ್ಲ.

*

ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಅವಳನ್ನು ಹಿತ್ತಿಲಿಗೆ ಕರೆದೊಯ್ದು ಇಟ್ಟಿಗೆ ರಾಶಿ ತೋರಿಸಿದ್ದರು. "ಬೇರೆ ಅತ್ತೆಯರು ಬಳೆ ಕೊಡ್ತಾರೆ. ನಮ್ಮನೇಲಿ ಇದೇ ಒಡವೆ. ಜೋಪಾನವಾಗಿ ನೋಡ್ಕೋ." ಹೊಸ ಸೊಸೆ ನಗಬೇಕೋ ಅಳಬೇಕೋ ತಿಳಿಯದೆ ಸುಮ್ಮನೆ ತಲೆಯಾಡಿಸಿದ್ದಳು.

ಮಳೆಗಾಲಕ್ಕೆ ಮುಂಚೆ ಆ ಬೀದಿಯ ಮಂಚ, ಬೀರು, ಫ್ರಿಜ್ಜುಗಳೆಲ್ಲ ಇಟ್ಟಿಗೆ ಹತ್ತಿ ಕೂರುತ್ತಿದ್ದವು. ಅತ್ತೆಯ ಕಾಲಕ್ಕೆ ಒಂದು ಇಟ್ಟಿಗೆ ಸಾಕಿತ್ತಂತೆ. ಮೊಮ್ಮಗಳು ಹುಟ್ಟಿದ ವರ್ಷ ಎರಡಾಯಿತು. ಆಮೇಲೆ ಮಳೆಗೆ ಹೊತ್ತುಗೊತ್ತೇ ಇಲ್ಲದಂತಾಗಿ, ಹೊಳೆ ಬೇಕೆಂದಾಗ ಮನೆಯೊಳಗೆ ಬಂದು ಹೋಗತೊಡಗಿತು. ಮೂರು ಇಟ್ಟಿಗೆಯ ಮೇಲೆ ಮಂಚ ವರ್ಷವಿಡೀ ನಿಂತಿತು. ಎತ್ತರದ ಸ್ಥಳಕ್ಕೆ ತೆರಳಿ ಎಂದು ಫೋನಿಗೆ ಸರ್ಕಾರದ ಎಚ್ಚರಿಕೆ ಬಂದರೆ ಅತ್ತೆ, "ತೆರಳಿದೀನಿ, ಮಂಚದ ಮೇಲೇ ಇದೀನಿ ಅಂತ ಹೇಳು ಅವರಿಗೆ," ಎನ್ನುತ್ತಿದ್ದರು.

ತಮಾಷೆಯ ಹಿಂದೆ ಒಂದು ಹೆದರಿಕೆಯಿತ್ತು. ಮಗ ಕೂಸಾಗಿದ್ದಾಗ ಬಂದ ದೊಡ್ಡ ನೆರೆಯಲ್ಲಿ, ಶಾಲೆಯ ಪರಿಹಾರ ಶಿಬಿರದಲ್ಲಿ, ಜ್ವರದಿಂದ ಸುಡುತ್ತಿದ್ದ ಅವನನ್ನು ಎದೆಯ ಮೇಲಿಟ್ಟುಕೊಂಡು ಅತ್ತೆ ತೊಯ್ದ ಹಾಸಿಗೆಯಲ್ಲಿ ಮಲಗಿದ್ದರು. "ಸಾವು ಬಂದ್ರೆ ಬರ್ಲಿ ಕಣೇ. ಸತ್ತ ಮೇಲೂ ನನ್ನ ಬೆನ್ನಿಗೆ ನೀರು ತಾಗಬಾರ್ದು, ಅಷ್ಟೇ," ಎಂದು ಸೊಸೆಗೆ ಎಷ್ಟೋ ಸಲ ಹೇಳಿದ್ದರು.

ಇಟ್ಟಿಗೆ ಇಡುವುದಕ್ಕೂ ಮನೆಯಲ್ಲಿ ಒಂದು ಕ್ರಮವಿತ್ತು. ಮಗ ಕೆಳಗೆ ಕೂತು ಜೋಡಿಸಬೇಕು, ಸೊಸೆ ತಲೆದೆಸೆಯನ್ನು ಹಿಡಿದು ಅಲ್ಲಾಡಿಸಿ ನೋಡಬೇಕು. "ಅಲ್ಲಾಡುತ್ತಾ?" ಎಂದು ಅವನು ಕೇಳಿ, ಇವಳು "ಇಲ್ಲ" ಎನ್ನುವವರೆಗೂ ಅತ್ತೆ ಸ್ಟೂಲಿನ ಮೇಲೆ ಕಾಲಿಡುತ್ತಿರಲಿಲ್ಲ.

*

ಸ್ಮಶಾನದಲ್ಲಿ ಗುಂಡಿ ತೋಡುವವನು ಗುದ್ದಲಿ ಊರಿಕೊಂಡು ನಿಂತಿದ್ದ. ಗುಂಡಿ ಸೊಂಟದಷ್ಟೂ ಆಳವಿರಲಿಲ್ಲ. ತಳದಲ್ಲಿ ಕೆಂಪು ನೀರು ಜಿನುಗುತ್ತಿತ್ತು.

"ಬೆಳಗ್ಗೆ ಒಣಗಿತ್ತಮ್ಮಾ. ನೀರು ಕಂಡ ತಕ್ಷಣ ನಿಲ್ಲಿಸ್ಬಿಟ್ಟೆ. ಈಗೀಗ ಎಲ್ಲಿ ತೋಡಿದ್ರೂ ಇದೇ ಕತೆ," ಎಂದ.

"ಮಣ್ಣು ಬಿದ್ಮೇಲೆ ಎಲ್ಲಾ ಒಂದೇ. ಇಳಿಸಿ, ಇಳಿಸಿ. ಮಳೆ ಬರೋ ಹಾಗಿದೆ," ಎಂದರು ಗಂಡನ ಚಿಕ್ಕಪ್ಪ.

"ಬೇಡ ಮಾವ." ತನ್ನ ಧ್ವನಿ ಇಷ್ಟು ಜೋರಾಗಿ ಹೊರಟೀತೆಂದು ಅವಳಿಗೇ ಗೊತ್ತಿರಲಿಲ್ಲ. "ಬೆನ್ನಿಗೆ ನೀರು ತಾಗಬಾರ್ದು ಅಂದಿದ್ರು ಅತ್ತೆ. ಅವರು ಕೇಳಿದ್ದು ಅದೊಂದೇ."

ಗಂಡ ಗುಂಡಿಯನ್ನು ನೋಡಿದ, ಅವಳನ್ನು ನೋಡಿದ, ತಿರುಗಿ ಮನೆಯ ಕಡೆ ನಡೆದುಬಿಟ್ಟ. "ತಡ್ಕೊಳ್ಳಕ್ಕಾಗ್ಲಿಲ್ಲ ಪಾಪ," ಎಂದರು ಚಿಕ್ಕಪ್ಪ. ಅವಳಿಗೂ ಹಾಗೇ ಅನ್ನಿಸಿತು. ಪೆಟ್ಟಿಗೆಯ ಪಕ್ಕದಲ್ಲೇ ಕೂತಳು. ಇನ್ನು ಯಾರ ಹತ್ತಿರವೂ ಜಗಳವಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗೇಟಿನ ಬಳಿ ತಳ್ಳುಗಾಡಿಯ ಸದ್ದಾಯಿತು. ಮುಂದೆ ಟೈಲರ್ ಎಳೆಯುತ್ತಿದ್ದ, ಹಿಂದೆ ಗಂಡ ತಳ್ಳುತ್ತಿದ್ದ. ಗಾಡಿಯಲ್ಲಿ ಬೆಳಗ್ಗೆ ಬೀದಿಗೆ ಬಿದ್ದಿದ್ದ ಇಟ್ಟಿಗೆಗಳಿದ್ದವು.

ಗಂಡ ಚಪ್ಪಲಿ ಬಿಟ್ಟು ಗುಂಡಿಗಿಳಿದ. ನಾಲ್ಕು ಮೂಲೆಗೂ ಮೂರು ಮೂರರಂತೆ ಇಟ್ಟಿಗೆ ಪೇರಿಸಿ, ಒಂದೊಂದನ್ನೂ ಅಂಗೈಯಿಂದ ಒತ್ತಿ ಕೂರಿಸಿದ. ಪೆಟ್ಟಿಗೆ ಮೆಲ್ಲಗೆ ಇಳಿಯಿತು. ಅವನು ಮಂಡಿಯೂರಿ, ತಲೆ ಎತ್ತದೆ ಕೇಳಿದ:

"ಅಲ್ಲಾಡುತ್ತಾ ನೋಡು."

ಅವಳು ಅಂಚಿನಲ್ಲಿ ಬಗ್ಗಿ, ಪೆಟ್ಟಿಗೆಯ ತಲೆದೆಸೆಯನ್ನು ಹಿಡಿದು ಅಲ್ಲಾಡಿಸಿ ನೋಡಿದಳು.

"ಇಲ್ಲ."

ಕೆಳಗಿನ ಇಟ್ಟಿಗೆ ಆಗಲೇ ನೀರು ಕುಡಿದು ಕಪ್ಪಾಗಿತ್ತು. ಎರಡನೆಯದರ ಅಂಚಿಗೂ ಪಸೆ ಹತ್ತುತ್ತಿತ್ತು. ಮೂರನೆಯದು ಇನ್ನೂ ಒಣಗಿತ್ತು.