ಹದಿನೇಳನೇ ನಂಬರಿನ ಬೆಸುಗೆ

ಲೂಧಿಯಾನದ ಆ ಸೈಕಲ್ ಕಾರ್ಖಾನೆಯಿಂದ ದಿನಕ್ಕೆ ಸಾವಿರಾರು ಚೌಕಟ್ಟುಗಳು ಹೊರಬೀಳುತ್ತಿದ್ದವು. ಒಂದು ಇನ್ನೊಂದರ ಪಡಿಯಚ್ಚು. ಅವುಗಳಲ್ಲಿ ವ್ಯತ್ಯಾಸ ಅಂತ ಇದ್ದದ್ದು ಒಂದೇ: ಪೆಡಲ್ ಕೂರುವ ಗಿಣ್ಣಿನ ಅಡಿಯಲ್ಲಿ, ಬೆಸೆದವನು ತನ್ನ ಅಂಕಿಯಚ್ಚಿನ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದ ನಂಬರು. ಪಂಚ್ ಕೈಗೆ ಕೊಡುವಾಗ ಹಳಬರು ಒಂದು ಮಾತು ಹೇಳಿಯೇ ಕೊಡುತ್ತಿದ್ದರು: ಬೇರೆಯವನ ಬೆಸುಗೆಗೆ ನಿನ್ನ ನಂಬರು ಹೊಡೆಯಬೇಡ, ನಿನ್ನದಕ್ಕೆ ಬೇರೆಯವನದು ಹೊಡೆಯಬೇಡ. ಬಚಿತ್ತರ್ ಸಿಂಗನ ನಂಬರು ಹದಿನೇಳು. ಇಪ್ಪತ್ತಾರು ವರ್ಷ ಅದೇ ನಂಬರು, ಅದೇ ಒಲೆ.

ಮಗಳು ಜೀತೋ ಚಿಕ್ಕವಳಿದ್ದಾಗ ಅವಳದು ಒಂದೇ ಆಟ. ಗುರುದ್ವಾರದ ಮುಂದೆ ನಿಂತ ಸೈಕಲ್ಲುಗಳ ಅಡಿಗೆ ತಲೆ ತೂರಿಸಿ ನಂಬರು ಓದುವುದು. ಹದಿನೇಳು ಸಿಕ್ಕಿದ ದಿನ "ಬಾಪೂ, ನಿಂದು! ನಿಂದು!" ಎಂದು ಅವಳು ಕಿರುಚುವ ರಭಸಕ್ಕೆ, ಸೈಕಲ್ಲಿನ ಒಡೆಯ ಕಳ್ಳರು ಬಂದರೆಂದು ಚಪ್ಪಲಿಯನ್ನೂ ಮೆಟ್ಟದೆ ಓಡಿಬರುತ್ತಿದ್ದ.

ಆ ಜೀತೋಗೆ ಈಗ ಮದುವೆ ಗೊತ್ತಾಗಿತ್ತು. ಅಳಿಯನಿಗೆ ಸೈಕಲ್ ಕೊಡುವುದು ಊರಿನ ರೂಢಿ. ಅದರ ಚೌಕಟ್ಟನ್ನು ಹೆಣ್ಣಿನ ಅಪ್ಪನೇ ಬೆಸೆಯುವುದು ಆ ಕಾರ್ಖಾನೆಯವರ ರೂಢಿ. ಬೆಸುಗೆಯವನ ಮಗಳು ಬೇರೆಯವನ ಬೆಸುಗೆಯ ಮೇಲೆ ಕೂತು ಅತ್ತೆಮನೆಗೆ ಹೋದರೆ ಜನ ಆಡಿಕೊಳ್ಳದೆ ಬಿಟ್ಟಾರೆಯೇ?

ಆದರೆ ಬಚಿತ್ತರನ ಕಣ್ಣು ಮಂಜಾಗಿತ್ತು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದ, ಯಾರನ್ನು ದೂರುವುದು! ಒಲೆಯ ಮುಂದೆ ಹಾಕಿಕೊಳ್ಳಲು ಕೊಟ್ಟ ಕಪ್ಪು ಕನ್ನಡಕವನ್ನು, ಅದರಲ್ಲಿ ಬೆಂಕಿಯ ಬಣ್ಣ ತಿಳಿಯುವುದಿಲ್ಲವೆಂದು ಮೊದಲ ವರ್ಷವೇ ಮೊಳೆಗೆ ನೇತುಹಾಕಿದ್ದ. ಬಣ್ಣ ತಿಳಿಯಿತು, ಕಣ್ಣು ಹೋಯಿತು. ಮನೆಯಲ್ಲಿ ಅವನು ಲಸ್ಸಿಯ ಲೋಟಕ್ಕೆ ತಡಕಾಡಿದರೆ ಜೀತೋ ಏನೂ ಕಾಣದವಳಂತೆ ಅದನ್ನು ಅವನ ಕೈಗೇ ಇಡುತ್ತಿದ್ದಳು.

ಕಣ್ಣಿಲ್ಲದೆ ಆಗುವ ಕೆಲಸವಲ್ಲ ಅದು. ಕೊಳವೆಯನ್ನು ಗಿಣ್ಣಿಗೆ ತೂರಿಸುವಾಗ ಒಳಗೊಂದು ಹಿತ್ತಾಳೆಯ ಬಳೆ ಇಟ್ಟು, ಬಿಳಿಗಾರ ಬಳಿದು, ಹೊರಗಿನಿಂದ ಬೆಂಕಿ ಹಿಡಿಯುತ್ತಾರೆ. ಉಕ್ಕು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಒಳಗಿನ ಬಳೆ ಕರಗಿ, ಸಂದಿನಲ್ಲೆಲ್ಲ ಹರಿದು, ಗಿಣ್ಣಿನ ಅಂಚಿಗೆ ಹಳದಿ ಗೆರೆಯಾಗಿ ಬರಬೇಕು. ಗೆರೆ ಸುತ್ತಲೂ ಬಂದರೆ ಒಳಗೆಲ್ಲ ತುಂಬಿದೆ ಎಂದು ಲೆಕ್ಕ. ಬಾರದಿದ್ದರೆ ಆ ಸೈಕಲ್ಲು ಒಂದಲ್ಲ ಒಂದು ದಿನ ಕೂತವರನ್ನು ನಡುರಸ್ತೆಯಲ್ಲಿ ಕೆಡವುತ್ತದೆ.

ಆರು ತಿಂಗಳಿಂದ ಅವನಿಗೆ ಗೆರೆ ಕಾಣುತ್ತಿರಲಿಲ್ಲ. ಪಕ್ಕದ ಒಲೆಯ ಗುರ್ಮೇಜ್, ನಲವತ್ತೊಂದನೇ ನಂಬರಿನವನು, ಗೆರೆ ಬಂದ ಕೂಡಲೇ ಕೆಮ್ಮುತ್ತಿದ್ದ. ಕೆಮ್ಮು ಕೇಳಿ ಬಚಿತ್ತರ್ ಬೆಂಕಿ ತಗ್ಗಿಸುತ್ತಿದ್ದ. ಪಾಪ, ಮೇಸ್ತ್ರಿ ಗುರ್ಮೇಜನಿಗೆ ಎದೆಯ ರೋಗವೆಂದು ನಂಬಿ ಶುಂಠಿ ಬೆಲ್ಲ ತಂದುಕೊಟ್ಟಿದ್ದ.

ಮಗಳ ಚೌಕಟ್ಟು ಬೆಸೆಯುವ ದಿನ ಬಚಿತ್ತರ್ ಹೇಳಿದ, "ಲೋ ಗುರ್ಮೇಜ, ಇವತ್ತು ಕೆಮ್ಮಬೇಡ."

"ಯಾಕೋ? ಶುಂಠಿ ಕೆಲಸ ಮಾಡ್ತು ಅಂದ್ಕೊಂಡ್ಯಾ?"

"ತಮಾಷೆ ಬೇಡ. ಇದೊಂದು ನನ್ನ ಕೈಯಾರೆ ಆಗ್ಲಿ. ನಿನ್ನ ಗಂಟಲಿಂದ ಬೇಡ."

"ಹಠ ಮಾಡ್ಬೇಡ್ವೋ. ಮಗು ಕೂತ್ಕೊಳ್ಳೋ ಗಾಡಿ ಅದು."

"ಇಪ್ಪತ್ತಾರು ವರ್ಷ ಕಣೋ! ನನ್ನ ಕೈಗೆ ಅಷ್ಟೂ ಗೊತ್ತಾಗಲ್ವಾ?"

ಗುರ್ಮೇಜ್ ತನ್ನ ಒಲೆಯಿಂದಲೇ ನೋಡುತ್ತಾ ನಿಂತ. ಬಚಿತ್ತರ್ ಮುಖಕ್ಕೆ ತಾಗುವ ಕಾವನ್ನೂ ಬಿಳಿಗಾರದ ಸದ್ದನ್ನೂ ನಂಬಿ ಒಂದೊಂದೇ ಗಿಣ್ಣು ಮುಗಿಸಿದ. ಪಂಚ್ ಇಟ್ಟು ಹದಿನೇಳು ಹೊಡೆದ. ಆಮೇಲೆ, ಕೇಳಬಾರದೆಂದುಕೊಂಡಿದ್ದರೂ, ತಡೆಯಲಾಗದೆ ಕೇಳಿದ.

"ಗೆರೆ ಬಂತೇನೋ?"

ಗುರ್ಮೇಜ್ ಅವನ ಮುಖ ನೋಡಿ ಹೇಳಿದ, "ಬಂತು. ಸುತ್ತಲೂ ದಾರ ಕಟ್ಟಿದ ಹಾಗೆ ಬಂತು."

ಆ ದಿನ ಬಚಿತ್ತರ್ ಮನೆಗೆ ಹೋದದ್ದು ನೆಲದ ಮೇಲೆ ನಡೆದಲ್ಲ.

ಮದುವೆಯ ದಿನ ಸೈಕಲ್ಲು ಕಪ್ಪು ಬಣ್ಣ ಬಳಿಸಿಕೊಂಡು, ಜರಿಪಟ್ಟಿ ಸುತ್ತಿಸಿಕೊಂಡು ಅಂಗಳದಲ್ಲಿ ನಿಂತಿತ್ತು. ಯಾರೂ ನೋಡದಾಗ ಬಚಿತ್ತರ್ ಪಕ್ಕದಲ್ಲಿ ಕುಕ್ಕರಿಸಿ, ಗಿಣ್ಣಿನ ಅಡಿಗೆ ಬೆರಳು ಹಾಕಿದ. ಒಂದರ ಅಂಕಿ ಮೊದಲಿರಬೇಕಿತ್ತು, ಅದು ಕೊನೆಯಲ್ಲಿತ್ತು. ಮೊದಲಿದ್ದದ್ದು ನಾಲ್ಕು. ಮತ್ತೆ ತಡವಿದ. ಬಣ್ಣದ ಅಡಿಯಲ್ಲಿ ನಲವತ್ತೊಂದೇ ಇತ್ತು. ಎದ್ದು ಗುರ್ಮೇಜನನ್ನು ಹುಡುಕಿಕೊಂಡು ಹೊರಟ.

ಗುರ್ಮೇಜ್ ಜಿಲೇಬಿಯ ಒಲೆಯ ಹತ್ತಿರ ಸಿಕ್ಕಿದ.

"ನನ್ನ ಚೌಕಟ್ಟು ಎಲ್ಲಿ?"

ಗುರ್ಮೇಜ್ ಕಣ್ಣು ತಪ್ಪಿಸಿದ. ತಪ್ಪಿಸಿದ್ದು ಬಚಿತ್ತರನಿಗೆ ಕಾಣುವುದಿಲ್ಲವೆಂದು ಹೊಳೆದು ಅವನ ಕೈ ಹಿಡಿದುಕೊಂಡ. "ಗುಜರಿಗೆ ಹಾಕಿ ಬೇರೆ ನಾನೇ ಬೆಸೆದೆ ಕಣೋ. ಎರಡು ಗಿಣ್ಣಲ್ಲಿ ಗೆರೆ ಬಂದೇ ಇರ್ಲಿಲ್ಲ. ಅದರ ಮೇಲೆ ಜೀತೋನ ಕೂರಿಸ್ಲಾ? ಹೇಳು."

"ಬಂತು ಅಂದ್ಯಲ್ಲೋ!"

"ಅಂದೆ. ನಿನ್ನ ಮುಖ ನೋಡಿ ಅಂದೆ."

"ಅಷ್ಟು ಸುಳ್ಳು ಹೇಳಿದವನು ಹದಿನೇಳೇ ಹೊಡೀಬೇಕಿತ್ತು. ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೊಡಿಯೋಕೆ ಹೋದೆ," ಎಂದ ಗುರ್ಮೇಜ್. "ನಿನ್ನ ಪಂಚ್ ತಗೊಂಡೆ, ಇಟ್ಟೆ. ಬಾಯಿ ಸುಳ್ಳು ಹೇಳ್ತು. ಕೈ ಏಳ್ಲಿಲ್ಲ ಕಣೋ."

ಬಚಿತ್ತರ್ ಬೈಯಲೆಂದು ಬಂದಿದ್ದ. ಆದರೆ ಗುರ್ಮೇಜನ ಜಾಗದಲ್ಲಿದ್ದಿದ್ದರೆ ತನ್ನ ಕೈಯೂ ಏಳುತ್ತಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದ ಕೆಲಸ ಗುಜರಿಯ ರಾಶಿಯಲ್ಲಿ ಮುಗಿದಿತ್ತು, ಅದನ್ನು ತಾನು ಬೆರಳಲ್ಲಿ ಓದಿ ತಿಳಿಯಬೇಕಾಯಿತು.

ಮಗಳನ್ನು ಕಳಿಸುವ ಹೊತ್ತಾಯಿತು. ಹೆಂಗಸರೆಲ್ಲ ಅಳುತ್ತಿದ್ದರು. ಜೀತೋ ಅಳುತ್ತಲೇ ಬಂದು ಸೈಕಲ್ಲಿನ ಹತ್ತಿರ ನಿಂತಳು. ಆಮೇಲೆ, ಕೆಂಪು ಸೆರಗು ಮೇಲೆತ್ತಿ, ಬಳೆಗಳನ್ನು ಗಲಗಲ ಅನಿಸುತ್ತಾ ಮಂಡಿಯೂರಿದಳು.

"ನಂಬರು ನೋಡ್ದೆ ನಾನು ಹೋಗಲ್ಲಪ್ಪ," ಎಂದಳು. ನೆಂಟರು ನಕ್ಕರು.

ಬಚಿತ್ತರ್ ತಟ್ಟನೆ ಮುಂದೆ ಬಂದ. ತಡೆಯಲು ಕೈ ಚಾಚಿದ; ಸೈಕಲ್ಲು ಎಲ್ಲಿದೆಯೆಂದು ಕೈಗೆ ತಿಳಿಯಲಿಲ್ಲ. ಬಳೆಗಳ ಸದ್ದು ನಿಂತುಹೋಯಿತು. ಎರಡಂಕಿ ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

ಜೀತೋ ಎದ್ದು ಬಂದು, ಗಾಳಿಯಲ್ಲಿ ತಡಕುತ್ತಿದ್ದ ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹದಿನೇಳು, ಬಾಪೂ," ಎಂದಳು. "ನಿಂದೇ."

ಅವನು ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಮುಖವನ್ನು ಮಾತ್ರ ಅಲ್ಲಾಡಗೊಡಲಿಲ್ಲ.

"ಮತ್ತೆ ಇನ್ಯಾರದು ಇರುತ್ತೆ, ಪುತ್ತರ್?" ಎಂದ.