ಕುಬಸ ಮಾಡಿಸಿಕೊಂಡ ರೋಲರ್

ಹುಟ್ಟಿದ ದಿನವೇ ಹತ್ತು ಟನ್ ತೂಗ್ತಿದ್ದೆ ನಾನು. ಎತ್ತಿ ಆಡಿಸೋಕೆ ಯಾರೂ ಬರಲಿಲ್ಲ, ಕ್ರೇನ್ ಬಂತು. ನಾನೊಂದು ಉಗಿ ರೋಲರ್. ರಸ್ತೆ ಮೇಲೆ ಹರವಿದ ಜಲ್ಲಿಯನ್ನ ತುಳಿದು ತುಳಿದು ನೆಲಕ್ಕೆ ಕೂರಿಸೋದು ನನ್ನ ಕೆಲಸ. ಮುಂದೊಂದು ದಪ್ಪ ಉರುಳೆ, ಹಿಂದೆ ಎರಡು ದೊಡ್ಡ ಗಾಲಿ, ನಡುವೆ ಬೆಂಕಿ ನೀರು ತುಂಬಿದ ಹೊಟ್ಟೆ, ನೆತ್ತಿ ಮೇಲೆ ಚಿಮಣಿ. ಬಿಳಿಯರ ದೇಶದಿಂದ ಹಡಗಲ್ಲಿ ಬಂದೆ. ದಾರಿ ಉದ್ದಕ್ಕೂ ಸಮುದ್ರ ನನ್ನ ಕಡೆಗೇ ವಾಲಿಕೊಂಡಿತ್ತು ಅಂದ್ರೆ ನೀವು ನಂಬಲ್ಲ. ನಂಬಬೇಡಿ, ನನಗೇನೂ ನಷ್ಟ ಇಲ್ಲ.

ಇಳಿದದ್ದು ಮೈಸೂರು ಸೀಮೆಗೆ. ಸುಖವಾಗಿದ್ದೆ. ಮಹಾರಾಜರ ಕಾಲದಿಂದಲೂ ಅಲ್ಲಿ ಕರೆಂಟು, ಕಾಲುವೆ, ಕಾರ್ಖಾನೆ ಎಲ್ಲಾ ಇತ್ತು. ರಸ್ತೆ ಮೇಲೆ ರಸ್ತೆ ಹಾಕೋರು. ನನ್ನ ಡ್ರೈವರ್ ಕೆಂಚಯ್ಯ ಮಂಡ್ಯದ ಕಡೆಯೋನು. ಹೆಂಡ್ತಿ ಇರಲಿಲ್ಲ, ಮಕ್ಕಳಿರಲಿಲ್ಲ, ಇದ್ದೋಳು ನಾನೊಬ್ಬಳೇ. ಬೆಳಗಾದ್ರೆ ಎಣ್ಣೆ ಬಟ್ಟೆಯಲ್ಲಿ ಮೈ ಒರೆಸಿ, "ಎದ್ದೇಳವ್ವ, ಬಿಸ್ಲು ನೆತ್ತಿಗೆ ಬತ್ತು" ಅನ್ನೋನು.

ಆಮೇಲೆ ಕನ್ನಡ ನಾಡು ಒಂದಾಯ್ತು. ಅಲ್ಲಿವರೆಗೂ ಕನ್ನಡದೋರನ್ನ ಹರಿದು ಹಂಚಿಬಿಟ್ಟಿದ್ರು. ಒಂದು ತುಂಡು ಮಹಾರಾಜರಿಗೆ, ಒಂದು ಮುಂಬೈಗೆ, ಒಂದು ಮದ್ರಾಸಿಗೆ, ಒಂದು ಹೈದರಾಬಾದಿನ ನಿಜಾಮರಿಗೆ. ಎಲ್ಲಾ ಸೇರಿಸಿ ಹೊಲಿದ್ರು. ಹೊಲಿದೋರು ಭಾಷಣ ಮಾಡಿದ್ರು. ಹೊಲಿಗೆ ಮೇಲೆ ಇಸ್ತ್ರಿ ಹಾಕೋಕೆ ನನ್ನನ್ನ ಕಳಿಸಿದ್ರು.

ಗದಗದವರೆಗೂ ಗೂಡ್ಸ್ ಗಾಡಿ. ಅಲ್ಲಿಂದ ನಡಿಗೆ. ನನ್ನ ನಡಿಗೆ ಹೇಗೆ ಅಂದ್ರೆ, ಹೊರಟಾಗ ಒಂದು ಆಮೆ ನನ್ನ ದಾಟಿಕೊಂಡು ಹೋಯ್ತು. ನಾನು ತಲುಪೋ ಹೊತ್ತಿಗೆ ಅದು ಅಲ್ಲೇ ಮೊಮ್ಮಕ್ಕಳನ್ನ ಕಂಡಿತ್ತು.

ಮುಂಬೈ ಸೀಮೆಯ ಡಾಂಬರು ರಸ್ತೆ ಚೆನ್ನಾಗೇ ಬಂತು. ಹಳೇ ನಿಜಾಮರ ಗಡಿಯ ಸುಂಕದ ಕಟ್ಟೆ ಹತ್ತಿರ, ಚಾಕು ತಗೊಂಡು ಕೊಯ್ದ ಹಾಗೆ ನಿಂತುಹೋಯ್ತು. ಆಚೆಗೆ ಬರೀ ಎರೆ ಮಣ್ಣು. ಬೇಸಿಗೆ ಆದ್ದರಿಂದ ಕಾಲು ಸಿಕ್ಕಿಕೊಳ್ಳೋ ಅಷ್ಟು ಬಿರುಕು. ಕಟ್ಟೆ ಮೇಲೊಬ್ಬ ಮುದುಕ ಕೂತಿದ್ದ.

ಕೆಂಚಯ್ಯ ಕೇಳಿದ, "ತುಮ್ಮರಹಾಳದ ರಸ್ತೆ ಎಲ್ಲಯ್ಯ?"

"ಇಲ್ಲೇ ಐತ್ರೀ, ನಿಮ್ಮ ಕಾಲಾಗ. ಹೋದ ಮಳಿಗಾಲದಾಗ ಹುಗದೈತಿ, ಇನ್ನ ಮ್ಯಾಲ ಬಂದಿಲ್ಲ."

ತುಮ್ಮರಹಾಳ ಗಡಿಯಿಂದ ಒಳಗೆ ಆರು ಮೈಲಿ. ಅಲ್ಲಿಗೆ ಜಲ್ಲಿ ರಸ್ತೆ ಮಾಡೋದು ನಮ್ಮ ಕೆಲಸ. ಡಾಂಬರಿನ ಕಡೆಯಿಂದ ಶುರು ಮಾಡಿ ಊರಿನ ಕಡೆಗೆ ಹೋಗಬೇಕು ಅಂತ ಹುಕುಂ. ಕೆಂಚಯ್ಯ ಹಾಗೇ ಮಾಡ್ತಿದ್ದ. ಆದರೆ ನೀರು ಕೇಳೋಕೆ ಅಂತ ಊರಿಗೆ ಹೋದ, ಅಲ್ಲಿ ಹುಸೇನವ್ವ ಸಿಕ್ಕಳು.

ಹುಸೇನವ್ವ ಆ ಊರಿನ ಸೂಲಗಿತ್ತಿ. ಅಗಲ ಹಣೆ, ಗಟ್ಟಿ ಗಂಟಲು. ಅವಳು ಪಿಸುಗುಟ್ಟಿದ್ರೆ ಪಕ್ಕದೂರಿನ ಎಮ್ಮೆ ತಿರುಗಿ ನೋಡೋದು. ಕೆಂಚಯ್ಯನಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು.

"ಎಲ್ಲಿಂದ ಸುರು ಮಾಡ್ತೀಯೋ ಎಪ್ಪಾ?"

"ಡಾಂಬರು ಕಡೆಯಿಂದ ಕಣವ್ವ."

"ಆ ಕಡಿಂದ ಸುರು ಮಾಡಿದ ರಸ್ತಾ ಯಾವತ್ತೂ ನಮ್ಮೂರಿಗೆ ಮುಟ್ಟಿಲ್ಲ. ನಡುವ ಎಲ್ಲೆರ ಸಾಹೇಬರಿಗೆ ನೀರಡಿಕಿ ಆಗ್ತೈತಿ, ಹೊಳ್ಳಿ ಹೋಗ್ತಾರ. ನಮ್ಮ ಕಡಿಂದ ಸುರು ಮಾಡು. ಊರಾಗ ಹುಟ್ಟಿದ ರಸ್ತಾ ಎಲ್ಲೆರೆ ಹೋಗಿ ಕೂಡಾಕ ಬೇಕಲ್ಲ?"

ಕೆಂಚಯ್ಯ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಮೂರನೇ ರೊಟ್ಟಿಗೆ ಹುಕುಂ ಮರೆತುಹೋಯ್ತು. ಬಿರುಕು ನೆಲದ ಮೇಲೆ ನನ್ನನ್ನ ಊರಿನ ತನಕ ಎಳೆದುಕೊಂಡು ಬಂದು, ಹುಸೇನವ್ವನ ಬಾಗಿಲ ಮುಂದಿನಿಂದ ಶುರು ಮಾಡಿಬಿಟ್ಟ.

ಅವಳಿಗೆ ಅಷ್ಟು ಅವಸರ ಯಾಕೆ ಅಂತ ಆಮೇಲೆ ತಿಳೀತು. ಅವಳ ಹಿರೇ ಮಗಳಿಗೆ ಹೆರಿಗೆ ಕಷ್ಟ ಆಗಿತ್ತಂತೆ. ಇದು ತನ್ನ ಕೈಲಿ ಆಗೋದಲ್ಲ, ದವಾಖಾನೆಗೇ ಹೋಗಬೇಕು ಅಂತ ಹುಸೇನವ್ವನೇ ಗಾಡಿ ಕಟ್ಟಿಸಿದಳು. ಮಳೆ ಬಿದ್ದಿತ್ತು. ಎರೆ ಮಣ್ಣಲ್ಲಿ ಗಾಡಿ ಅಚ್ಚಿನವರೆಗೂ ಇಳೀತು. ಆ ಗಾಡಿ ಡಾಂಬರು ಮುಟ್ಟಲಿಲ್ಲ. ಈಗ ಕಿರಿ ಮಗಳು ದುರಗವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಕೂತಿದ್ದಳು. ದಿನ ತುಂಬೋದು ಮಳೆಗಾಲದಲ್ಲೇ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ ಅಂತ ಹುಸೇನವ್ವನ ಕೈಗೆ ಗೊತ್ತಾಗಿತ್ತು. ಮಗಳಿಗೆ ಹೇಳಿರಲಿಲ್ಲ. ನನ್ನ ಗಾಲಿಗೆ ಒರಗಿಕೊಂಡು ಕೆಂಚಯ್ಯನಿಗೆ ಹೇಳಿದಳು.

ಅವತ್ತಿಂದ ಕೆಂಚಯ್ಯ ಬೀಡಿ ಸೇದೋಕೂ ನಿಲ್ಲಿಸಲಿಲ್ಲ. ಊರವರು ಕಲ್ಲು ಒಡೆದು ಮುಂದಕ್ಕೆ ಹರವೋರು, ನಾನು ಹಿಂದೆ ತುಳಿಯೋಳು. ಆರು ಮೈಲಿಗೂ ಜಲ್ಲಿ ಹರವಿ ಆಯ್ತು. ನಾನು ತುಳಿದದ್ದು ಅರ್ಧ ದಾರಿ ದಾಟಿತ್ತು. ಆಗ ಇಂಜಿನಿಯರ್ ಅಶ್ವತ್ಥರಾಯರು ಬಂದರು. ಜೀಪು ಜಲ್ಲಿ ಮೇಲೆ ಬರಲ್ಲ ಅಂತ ಡಾಂಬರಿನ ತುದಿಯಲ್ಲೇ ನಿಲ್ಲಿಸಿ, ಒಂದು ಮಡಚೋ ಕುರ್ಚಿ ಹೊರಿಸಿಕೊಂಡು ನಡೆದು ಬಂದರು.

"ಕೆಂಚಯ್ಯ, ರೋಲರ್ ವಾಪಸ್ ಹೊರಡಿಸು. ದಕ್ಷಿಣದಲ್ಲಿ ಸಕ್ಕರೆ ಕಾರ್ಖಾನೆ ಉದ್ಘಾಟನೆ ಇದೆ. ಅಲ್ಲಿ ರಸ್ತೆ ನುಣ್ಣಗೆ ಮಾಡಬೇಕಂತೆ."

ಆ ರಸ್ತೆ ನನಗೆ ಗೊತ್ತು. ನಾನೇ ತುಳಿದದ್ದು. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

"ಬುದ್ದಿ, ಜಲ್ಲಿ ಬುಟ್ಬುಟ್ಟು ಹೋದ್ರೆ ಮೊದ್ಲಿಗಿಂತ ಕೆಟ್ಟೋಯ್ತದೆ. ಮಣ್ಣಲ್ಲಾದ್ರೂ ಬೇಸ್ಗೇಲಿ ಗಾಡಿ ಓಡ್ತಿತ್ತು. ಈ ಕಲ್ ಮ್ಯಾಲೆ ಎತ್ತೂ ಕಾಲಿಕ್ಕಲ್ಲ."

"ಈ ಕಡೆ ಗಾಡಿ ಓಡಾಟ ಕಮ್ಮಿ ಅಂತ ಮೇಲಿನೋರು ಬರೆದಿದ್ದಾರಪ್ಪ. ಓಡಾಟ ಇಲ್ಲದ ಕಡೆ ರಸ್ತೆ ಯಾಕೆ ಅಂತಾರೆ."

ಅಷ್ಟರಲ್ಲಿ ಹುಸೇನವ್ವ ಬಂದಳು. ಹಿಂದೆ ಊರಿನ ಹೆಂಗಸರೆಲ್ಲಾ.

"ಅಲ್ರೀ ಸಾಹೇಬ್ರ, ರಸ್ತಾ ಇಲ್ಲಂತ ಗಾಡಿ ಇಲ್ಲ, ಗಾಡಿ ಇಲ್ಲಂತ ರಸ್ತಾ ಇಲ್ಲ. ಹತ್ತಿ ನಮ್ಮಲ್ಲಿ ಕೊಳೀತೈತಿ, ಶೇಂಗಾ ನಮ್ಮಲ್ಲಿ ಮುಗ್ಗಾಗ್ತೈತಿ, ನೀವು ಬಂದು ಈ ಮಂದಿ ಹಿಂದ ಉಳದಾರ ಅಂತೀರಿ. ಹಿಂದ ಉಳದಿಲ್ರೀ ನಾವು. ಹಾದ್ಯಾಗ ಹುಗದು ನಿಂತೀವಿ."

"ನೋಡಮ್ಮ, ಇದು ಸರ್ಕಾರದ ಯಂತ್ರ. ಕರೆದಾಗ ಹೋಗಬೇಕು."

ಹುಸೇನವ್ವ ನನ್ನ ಹೊಟ್ಟೆ ಮೇಲೆ ಅಂಗೈ ಇಟ್ಟಳು. ಎಷ್ಟು ಬಸುರಿಯರ ಹೊಟ್ಟೆ ಮುಟ್ಟಿದ ಕೈಯೋ, ನಾನು ತುಸು ಉಗಿ ಬಿಟ್ಟೆ.

"ಸರ್ಕಾರ ಇಕಿ ಗಂಡನ ಮನಿ. ಒಪ್ಪೀವಿ. ಆದ್ರ ನೋಡ್ರಿಲ್ಲಿ, ನಮ್ಮೂರ ರಸ್ತಾ ಹೊಟ್ಟ್ಯಾಗ ಹೊತ್ತ ತುಂಬಿದ ಬಸುರಿ ಅದಾಳ. ಚೊಚ್ಚಲ ಹೆರಿಗಿ ತವರಾಗ. ನಿಮ್ಮ ಕಡೆ ಹ್ಯಾಂಗೋ, ನಮ್ಮ ಕಡೆ ಹಡಿಯೂತನಕ ಮಗಳನ್ನ ಕಳಸೂದಿಲ್ಲ."

"ತವರು? ನೀವು ಇದಕ್ಕೆ ಯಾವಾಗಿಂದ ತವರಾದ್ರಿ?"

"ಏಕೀಕರಣ ಆದಾಗಿಂದ. ನೀವ ಹೇಳಿದ್ರೆಲ್ಲ, ಎಲ್ಲಾರೂ ಒಂದ ತಾಯಿ ಮಕ್ಕಳು ಅಂತ? ನಮ್ಮೂರಾಗ ಲಾಡು ಸುದ್ದಾ ಹಂಚಿದ್ರಿ. ತಿಂದೀವಿ. ಈಗ ಸಂಬಂಧ ಇಲ್ಲಂದ್ರ ನಡಿಯಂಗಿಲ್ಲ."

ಮರುದಿನ ನನಗೆ ಕುಬಸ ಮಾಡಿದ್ರು. ಮೈಸೂರು ಕಡೆ ಸೀಮಂತ ಅಂತಾರಲ್ಲ, ಅದು. ಒಂದು ಹಸಿರು ಸೀರೆ ನನಗೆ ಸಾಲಲಿಲ್ಲ, ಮೂರು ಸೇರಿಸಿ ಉಡಿಸಿದ್ರು. ಬ್ರೇಕಿನ ಹಿಡಿಗೆ ಹಸಿರು ಬಳೆ. ಚಿಮಣಿಗೆ ಹೂವಿನ ದಂಡೆ. ಹೆಂಗಸರು ಸುತ್ತ ಕೂತು ಹಾಡು ಹೇಳಿದ್ರು. ಬುತ್ತಿ ಬಿಚ್ಚಿದ್ರು. ದುರಗವ್ವ ನನ್ನ ಪಕ್ಕ ಕೂತು ನಗ್ತಿದ್ದಳು, "ಅಕ್ಕಾ, ನಿನಗೇನು ತಿನ್ನಬೇಕನಸತೈತಿ?" ಅಂತ. ನನಗೆ ಕಲ್ಲಿದ್ದಲು ತಿನ್ನಬೇಕನಿಸಿತ್ತು.

ಅಶ್ವತ್ಥರಾಯರು ಕುರ್ಚಿಯಿಂದ ಎದ್ದು, "ಇದೇನು ಹುಚ್ಚಾಟ! ಕೆಂಚಯ್ಯ, ಏರು ಮೇಲೆ!" ಅಂದರು.

ಕೆಂಚಯ್ಯ ತಲೆ ಕೆರೆದುಕೊಂಡ. "ಬುದ್ದಿ, ಒಂದ್ ಮಾತು. ಹೋದ್ ತಿಂಗ್ಳು ತಮ್ ಅಳೀಮಯ್ಯ ಮಗಳನ್ನ ಕರ್ಕೊಂಡೋಗಕ್ಕೆ ಬಂದಿದ್ರಲ್ಲ, ತಾವೇನಂದ್ರಿ?"

ರಾಯರ ಮಗಳೂ ಆಗ ಅವರ ಮನೆಯಲ್ಲೇ ದಿನ ಎಣಿಸ್ತಿದ್ದಳು. ಅಳಿಯನಿಗೆ ಕಾಫಿ ಕೊಟ್ಟು, ಬೈದು ಕಳಿಸಿದ್ದರು. ಅದನ್ನ ಆಫೀಸಿನಲ್ಲೆಲ್ಲ ಹೇಳಿಕೊಂಡೂ ಇದ್ದರು.

ಕುರ್ಚಿ ಮೇಲೆ ಕೂತರು. ಕನ್ನಡಕ ಒರೆಸಿದರು. ಯಾರೋ ಹೋಳಿಗೆ ಕೈಗಿಟ್ಟರು. "ಹೆರಿಗೆ ಆಗೋವರೆಗೆ," ಅಂದರು. "ಒಂದು ದಿನ ಜಾಸ್ತಿ ಇಲ್ಲ."

ಮೇಲಿನೋರು ಹೋಳಿಗೆ ತಿಂದಿರಲಿಲ್ಲವಲ್ಲ, ಅವರು ಕಲ್ಲಿದ್ದಲು ನಿಲ್ಲಿಸಿಬಿಟ್ಟರು. ಹಸಿದು ತಾನೇ ಬರ್ತಾಳೆ ಅಂದುಕೊಂಡ್ರು. ಊರವರು ಹತ್ತಿ ಕಟ್ಟಿಗೆ ತಂದರು, ಕುಳ್ಳು ಅಂದ್ರೆ ಬೆರಣಿ ತಂದರು, ಶೇಂಗಾ ಸಿಪ್ಪೆ ಚೀಲಗಟ್ಟಲೆ ತಂದರು. ಶೇಂಗಾ ಸಿಪ್ಪೆ ತಿಂದಾಗ ನನ್ನ ಚಿಮಣಿಯಿಂದ ಎಂಥ ವಾಸನೆ ಬರ್ತಿತ್ತು ಅಂದ್ರೆ, ಗದಗದಲ್ಲಿ ಮಂದಿ ಚಟ್ನಿ ಇಲ್ಲದೆ ಬರೀ ರೊಟ್ಟಿ ಉಣ್ತಿದ್ದರಂತೆ. ರಾಯರು ಕೊಡೆ ಹಿಡಿದು ಜೊತೆಗೇ ನಡೆದರು.

ಇನ್ನೊಂದು ಮೈಲಿ ಉಳಿದಿತ್ತು. ಮಳೆ ಹಿಡೀತು. ಅವತ್ತೇ ಬೆಳಿಗ್ಗೆ ದುರಗವ್ವನಿಗೆ ನೋವು ಶುರುವಾಯ್ತು.

ತುಳಿದ ರಸ್ತೆ ಮೇಲೆ ಗಾಡಿ ಸಲೀಸಾಗಿ ಬಂತು. ನನ್ನ ಬೆನ್ನ ಹಿಂದೆ ಬಂದು ನಿಂತಿತು. ಮುಂದೆ ಬರೀ ಹರವಿದ ಜಲ್ಲಿ. ಎತ್ತು ಕಾಲಿಡಲ್ಲ. ಎರಡೂ ಪಕ್ಕ ಎರೆ ಮಣ್ಣು ಕುದಿಯೋ ಮುದ್ದೆ ಥರ ಆಗಿತ್ತು. ನಾಲ್ಕು ಜನ ಮಂಚ ಸಮೇತ ಹೊತ್ತು ನೋಡಿದ್ರು, ಜಲ್ಲಿ ಮೇಲೆ ಕಾಲು ಜಾರಿತು, ಮಣ್ಣಿಗಿಳಿದು ಮೊಣಕಾಲವರೆಗೂ ಹೂತು ನಿಂತರು. ಹುಸೇನವ್ವನ ಗಂಟಲು ಅವತ್ತು ಅಡಗಿತ್ತು.

"ಕೆಂಚಪ್ಪಾ," ಅಂದಳು ಮೆಲ್ಲಗೆ. "ನೀ ತುಳಕೋತ ಮುಂದ ನಡಿ. ನಾವು ಹಿಂದಿಂದ ಬರ್ತೀವಿ."

ಹೊರಟೆವು. ನಾನು ಮುಂದೆ ರಸ್ತೆ ಮಾಡ್ತಾ, ಅದೇ ರಸ್ತೆ ಮೇಲೆ ಗಾಡಿ ಹಿಂದೆ ಬರ್ತಾ. ಪ್ರಪಂಚದಲ್ಲಿ ನನ್ನಷ್ಟು ನಿಧಾನವಾಗಿ ಯಾರೂ ಅವಸರ ಮಾಡಿಲ್ಲ. "ಓಡಬೇ, ನನ್ನವ್ವಾ!" ಅಂತ ಹೆಂಗಸರು ಕೂಗಿದ್ರು. ಓಡಿದೆ. ಪಕ್ಕದಲ್ಲಿದ್ದ ಸುಂಕದ ಕಟ್ಟೆಯ ಮುದುಕ ಮುಂದೆ ಮುಂದೆ ಹೋಗಿ ನನಗೋಸ್ಕರ ಕಾಯ್ತಾ ನಿಲ್ತಿದ್ದ.

ಮಳೆಗೆ ಕುಳ್ಳೆಲ್ಲ ತೊಯ್ದವು. ಸಿಪ್ಪೆ ಮುಗೀತು. ಡಾಂಬರು ಕಣ್ಣಿಗೆ ಕಾಣ್ತಿದೆ, ನನ್ನ ಉಸಿರು ಇಳೀತಿದೆ. ಗಾಡಿಯಲ್ಲಿ ದುರಗವ್ವ ಚೀರಿದಳು.

"ಒಣ್ಗಿರೋದು ಏನಾರ ಕೊಡ್ರೋ!" ಕೆಂಚಯ್ಯ ಅರಚಿದ.

ಅಶ್ವತ್ಥರಾಯರು ಕೊಡೆ ಅಡಿ ಕಾಪಾಡಿಕೊಂಡು ಬಂದಿದ್ದ ಕುರ್ಚಿಯನ್ನ ನೋಡಿದರು. ತೇಗದ ಕುರ್ಚಿ, ಅವರಪ್ಪನ ಕಾಲದ್ದು. "ತಗೋ," ಅಂದರು. ಕೆಂಚಯ್ಯ ಮೊಣಕಾಲಿಗೆ ಕೊಟ್ಟು ಮುರಿದು ನನ್ನ ಬಾಯಿಗೆ ಹಾಕಿದ. ಅಧಿಕಾರಿಯ ಕುರ್ಚಿ ತಿಂದ ರೋಲರ್ ಈ ರಾಜ್ಯದಲ್ಲಿ ಬೇರೆ ಯಾವುದಾದರೂ ಇದ್ರೆ ತೋರಿಸಿ. ಏನು ಶಕ್ತಿ ಇತ್ತು ಅದರಲ್ಲಿ! ಒಂದೇ ಉಸಿರಿಗೆ ಮುನ್ನುಗ್ಗಿದೆ. ಮುಂದಿನ ಉರುಳೆ ಡಾಂಬರು ಹತ್ತಿತು. ಅಲ್ಲೇ ಹೊಟ್ಟೆ ಒಳಗೆ ಏನೋ ಒಡೀತು, ಉಗಿಯೆಲ್ಲ ಹೊರಗೆ ಬಂತು, ನಿಂತುಬಿಟ್ಟೆ.

ಗಾಡಿ ನನ್ನ ಪಕ್ಕದ ಅಂಚಿನಲ್ಲಿ ಗೀರಿಕೊಂಡು ಡಾಂಬರಿಗೆ ಹತ್ತಿತು. ದುರಗವ್ವನನ್ನ ಜೀಪಿಗೆ ಹಾಕಿದ್ರು. ರಾಯರೇ ಓಡಿಸಿದ್ರು. ಆಮೇಲೆ ಏನಾಯ್ತು ಅಂತ ನನಗೆ ಕಾಣಲಿಲ್ಲ. ಕೆಂಚಯ್ಯ ರಾತ್ರಿಯೆಲ್ಲ ನನ್ನ ತಣ್ಣಗಾದ ಗಾಲಿಗೆ ಒರಗಿ ಕೂತಿದ್ದ. ಬೀಡಿ ಹಚ್ಚಲಿಲ್ಲ.

ಮರುದಿನ ಹುಸೇನವ್ವ ಒಬ್ಬಳೇ ನಡೆದು ಬಂದಳು. ಕೆಂಚಯ್ಯ ಎದ್ದು ನಿಂತ. ಅವಳು ನೇರ ನನ್ನ ಹತ್ತಿರ ಬಂದು ಉರುಳೆಗೆ ಪಟಾರಂತ ಹೊಡೆದಳು.

"ಹೆಣ್ಣು. ಇಬ್ಬರೂ ಅದಾರ."

ಪಕ್ಕದೂರಿನ ಎಮ್ಮೆಗಳೆಲ್ಲ ತಿರುಗಿ ನೋಡಿದವು. ಹಾದಿ ಜೊತೆಗೇ ಬಂದ ಕೂಸಿಗೆ ಹಾದೆವ್ವ ಅಂತ ಹೆಸರಿಟ್ಟರು.

ರಾಯರನ್ನ ಎಲ್ಲಿಗೋ ವರ್ಗ ಮಾಡಿದ್ರು. ಕೆಂಚಯ್ಯ ಊರಿಗೆ ಹೋಗ್ತೀನಿ ಅಂತ ಹೊರಟೋನು ಮೂರು ಸಲ ತಿರುಗಿ ಬಂದು, ಕೊನೆಗೆ ತುಮ್ಮರಹಾಳದಲ್ಲೇ ಉಳಿದ. ನನ್ನನ್ನ ಸರಿಮಾಡೋಕೆ ಆಗಲ್ಲ ಅಂತ ಅಲ್ಲೇ ಬಿಟ್ಟರು. ರಸ್ತೆ ನನ್ನ ಪಕ್ಕ ಸುತ್ತಿಕೊಂಡು ಹೋಯ್ತು.

ಎಲ್ಲಾ ಸರಿಹೋಯ್ತು ಅಂದುಕೊಂಡ್ರಾ? ಇಲ್ಲ. ರಸ್ತೆ ಆಯ್ತು ಅಂತ ಲಾರಿ ಬಂತು, ಶೇಂಗಾ ಹೊರಗೆ ಹೋಯ್ತು, ಎಣ್ಣೆ ಮಿಲ್ಲೂ ಬಂತು. ಬಂದದ್ದು ಮಾತ್ರ ಡಾಂಬರಿನ ಆಚೆ. ಯಾಕಪ್ಪಾ ಅಂದ್ರೆ ಕರೆಂಟು ಇದ್ದದ್ದು ಆಚೆಗೆ. ಶೇಂಗಾ ಈ ಕಡೆಯೋರದು, ಎಣ್ಣೆ ಆ ಕಡೆಯೋರದು. ಹುಸೇನವ್ವ ಮತ್ತೆ ಹೆಂಗಸರನ್ನ ಕಟ್ಟಿಕೊಂಡು ಹೊರಟಳು. ಕರೆಂಟು ಕಂಬ ಬರೋ ಹೊತ್ತಿಗೆ ಅವಳ ತಲೆ ಬೆಳ್ಳಗಾಗಿತ್ತು. ಹಾದೆವ್ವ ಮಗ್ಗುಲಲ್ಲಿ ನಿಂತು ಅವಳಿಗಿಂತ ಜೋರಾಗಿ ಕೂಗ್ತಿದ್ದಳು.

ಈಗಲೂ ಆಗಾಗ ಕಾರುಗಳಲ್ಲಿ ತಿಳಿದೋರು ಬರ್ತಾರೆ. ನನ್ನ ನೆರಳಲ್ಲಿ ನಿಂತು ಮಜ್ಜಿಗೆ ಕುಡೀತಾ, ಒಂದಾಗಿ ಇಷ್ಟು ವರ್ಷ ಆದ್ರೂ ಈ ಭಾಗ ಯಾಕೆ ಮೇಲೆ ಬರಲಿಲ್ಲ ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ತಾರೆ. ನನ್ನನ್ನ ಯಾರೂ ಕೇಳಿಲ್ಲ.

ಹೋದ ವರ್ಷ ಗುಜರಿಯೋರು ನನ್ನ ಒಯ್ಯೋಕೆ ಕ್ರೇನ್ ತಂದಿದ್ದರು. ಹಿಂದಿನ ಗಾಲಿ ಜಲ್ಲಿ ಕಡೆ, ಮುಂದಿನ ಉರುಳೆ ಡಾಂಬರು ಕಡೆ. ಕ್ರೇನ್ ಡಾಂಬರಿನ ಮೇಲೆ ನಿಲ್ಲೋಕೆ ಅನುಕೂಲ ಅಂತ ಮುಂದಕ್ಕೆ ಮಾತ್ರ ಹಗ್ಗ ಬಿಗಿದರು. ಎಳೆದರು. ಮೂತಿ ಒಂದಿಷ್ಟು ಮೇಲೆ ಹೋಯ್ತು, ಎಲ್ಲರೂ ಚಪ್ಪಾಳೆ ಹೊಡೆದರು. ಹಿಂದಿನ ಗಾಲಿ ಅಲ್ಲಾಡಲಿಲ್ಲ. ಇನ್ನೂ ಎಳೆದರು. ಹಗ್ಗ ಹರೀತು.

ಎರಡೂ ಕಡೆ ಕಟ್ಟಿ ಒಟ್ಟಿಗೆ ಎತ್ತಿದ್ರೆ ಏಳ್ತೀನಿ. ಅಲ್ಲಿವರೆಗೆ ಇಲ್ಲೇ ಇದ್ದೀನಿ, ನನಗೇನೂ ಅವಸರ ಇಲ್ಲ.