ಮೇಲಿನ ಊರು ಬಿಟ್ಟ ನೀರು

ಮೇಲಿನ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ನನ್ನ ತಮ್ಮನೇ ಇಂಜಿನಿಯರ್. ಅಲ್ಲಿಂದ ಹೊಳೆಗೆ ಬಿಟ್ಟ ನೀರನ್ನು ಕೆಳಗೆ ಎತ್ತಿಕೊಂಡು, ಸೋಸಿ, ಔಷಧಿ ಹಾಕಿ ನಮ್ಮೂರಿಗೆ ಕುಡಿಯಲು ಕೊಡುವವಳು ನಾನು. ಅಮ್ಮ ಹೋದಮೇಲೆ ಅವನನ್ನು ಸಾಕಿ ಓದಿಸಿದವಳೂ ನಾನೇ. ಈ ಮಳೆಗಾಲದಲ್ಲಿ ನಮ್ಮೂರಿನ ಅರ್ಧ ಜನಕ್ಕೆ ಕಾಮಾಲೆ. ನನ್ನ ಗಂಡನೂ ಹಾಸಿಗೆ ಹಿಡಿದಿದ್ದರು.

ಪ್ರಾದೇಶಿಕ ಯೋಜನಾ ಕಚೇರಿಯಲ್ಲಿ ಸಭೆ ಕರೆದರು. ಎರಡೂ ಊರಿನ ಕೊಳಚೆಯನ್ನು ದೊಡ್ಡ ಪೈಪಿನಲ್ಲಿ ನಮ್ಮೂರಿನಾಚೆ, ಹೊಳೆಯ ಇನ್ನೂ ಕೆಳಗೆ ಒಯ್ದು, ಅಲ್ಲಿ ಒಂದೇ ಹೊಸ ಘಟಕ ಕಟ್ಟುವ ಯೋಜನೆ. ಮೇಲಿನ ಊರಿನ ಅಧ್ಯಕ್ಷರು ಸುತರಾಂ ಒಪ್ಪಲಿಲ್ಲ.

“ನಮ್ಮ ಘಟಕಕ್ಕೇನಾಗಿದೆ? ಅಲ್ಲಿಂದ ಬರೋ ನೀರು ಕನ್ನಡಿ ಇದ್ದ ಹಾಗಿದೆ.”

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ನಾಲ್ಕು ಜನಕ್ಕೆ ಕೇಳಿಸುವಂತೆಯೇ ಅಂದೆ. ಅಧ್ಯಕ್ಷರ ಪಕ್ಕ ಕೂತಿದ್ದ ನನ್ನ ತಮ್ಮ ತಲೆ ಎತ್ತಲಿಲ್ಲ.

ಯೋಜನಾಧಿಕಾರಿ ಜಗಳಕ್ಕೆ ನಿಲ್ಲುವ ಹೆಂಗಸಲ್ಲ. ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟು ತಣ್ಣಗೆ ಹೇಳಿದರು: “ಆಗ್ಲಿ, ಘಟಕ ಇದ್ದಲ್ಲೇ ಇರ್ಲಿ. ನೀವು ಕುಡಿಯೋ ನೀರು ಎತ್ತೋ ಪೈಪನ್ನ ಹೊಳೆಯಲ್ಲಿ ಅದರ ಕೆಳಗಡೆ ಹಾಕ್ಸೋಣ. ನೀವು ಬಿಟ್ಟ ನೀರು ಮೊದಲು ನೀವೇ ಕುಡೀರಿ.”

ಅಧ್ಯಕ್ಷರು ನನ್ನ ತಮ್ಮನ ಕಡೆ ತಿರುಗಿದರು. “ಹೇಳಪ್ಪ, ಇಂಜಿನಿಯರ್ ನೀನು. ಕುಡೀಬಹುದಲ್ವಾ?”

ಉಹುಂ ಅಂದರೆ ಅವರು ಅವನನ್ನು ಸುಮ್ಮನೆ ಬಿಡುವವರಲ್ಲ. ಅವನು ಕೈಬೆರಳು ನೋಡಿಕೊಳ್ಳುತ್ತಲೇ ಹೇಳಿದ.

“ಇಲ್ಲ ಸಾರ್. ಜೋರು ಮಳೆ ಬಂದ್ರೆ ತೊಟ್ಟಿಗಳು ತುಂಬಿ ಎಲ್ಲಾ ಹಾಗೇ ಹೊಳೆಗೆ ಹೋಗುತ್ತೆ. ಆ ನೀರನ್ನ ನನ್ನ ಮಕ್ಕಳಿಗೆ ಕೊಡಲ್ಲ.”

ಯೋಜನೆ ಪಾಸಾಯಿತು. ನಮ್ಮೂರಿನವರು ನನ್ನ ಕೈ ಕುಲುಕಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೆಟ್ಟಿಲ ಬಳಿ ತಮ್ಮ ಹಿಂದೆಯೇ ಬಂದ. “ಭಾವ ಹೇಗಿದಾರಕ್ಕ?”

“ನಿನ್ನ ಮಕ್ಕಳಿಗಾಗದ ನೀರು ನಿನ್ನ ಭಾವನಿಗೆ ಆಗುತ್ತೇನೋ?”

ಅವನ ಕಣ್ಣು ತುಂಬಿತು. ಹೊಡೆಯಬೇಕೆನಿಸಿತು, ತಲೆ ಸವರಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ.

“ಹೊಸ ಘಟಕ ಆಗೋಕೆ ನಾಲ್ಕು ವರ್ಷ ಬೇಕು,” ಎಂದ. “ಅಲ್ಲಿವರೆಗೂ ಕುದಿಸಿ ಕುಡೀರಿ, ಅಕ್ಕ.”

ಸಂಜೆ ಪಂಪ್‌ಹೌಸಿಗೆ ಬಂದೆ. ನೀರು ಬಿಡುವ ಹೊತ್ತಾಗಿತ್ತು. ನಲ್ಲಿಗಳ ಮುಂದೆ ಕೊಡಗಳು ಸಾಲುಗಟ್ಟಿದ್ದವು, ಯಾರೋ ಆಗಲೇ ಫೋನ್ ಮಾಡಿ ಬೈದಿದ್ದರು. ಬಿಟ್ಟರೂ ತಪ್ಪು, ಬಿಡದಿದ್ದರೂ ತಪ್ಪು. ಕುದಿಸದೆ ಕುಡಿಯಬೇಡಿ ಎಂದು ಬೀದಿ ಬೀದಿಯಲ್ಲಿ ಮೈಕಿನಲ್ಲಿ ಕೂಗಿಸಿದೆ. ಆಮೇಲೆ ನಾನೇ ವಾಲ್ವ್ ತಿರುಗಿಸಿ, ನನ್ನ ತಮ್ಮ ತನ್ನ ಮಕ್ಕಳಿಗೆ ಬೇಡವೆಂದ ನೀರನ್ನು ಊರಿಗೆ ಬಿಟ್ಟೆ.